ಗೌರವದ ಗೋಡೆಗೆ ಹಾಕಿದ ಥರ್ಮೋಸ್ಟಾಟ್

ಹೆದರಿಕೆ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಉಲ್ಬೊಸಿನ್ ಮನೆಗೆ ಅದು ಅಕ್ಟೋಬರಿನಲ್ಲಿ ಬಂದರೆ ಏಪ್ರಿಲ್ ತನಕ ಕದಲುತ್ತಿರಲಿಲ್ಲ. ಮೊದಲ ಹಿಮ ಬಿದ್ದಂದಿನಿಂದ ಅವಳ ಬಲಗೈ ಅವಳ ಮಾತು ಕೇಳುವುದನ್ನು ಬಿಡುತ್ತಿತ್ತು. ಹಿಟ್ಟು ನಾದುತ್ತಿರಲಿ, ಫೋನಿನಲ್ಲಿ ಮಾತಾಡುತ್ತಿರಲಿ, ಆ ಕೈ ತಾನಾಗಿ ಹೋಗಿ ಗೋಡೆಯಂಚಿನ ಬಿಸಿನೀರಿನ ಪೈಪನ್ನು ಮುಟ್ಟಿ ಬರುತ್ತಿತ್ತು. ಬಿಸಿ ಇದೆಯೇ? ಇದೆ. ಒಂದು ಗಳಿಗೆ ಸಮಾಧಾನ. ಮತ್ತೆ ಅದೇ ಕಥೆ.

ಅಕ್ತೋಬೆ ಪಟ್ಟಣ ಮುಗಿದು ಬಯಲು ಶುರುವಾಗುವ ಕಡೆ ಅವಳ ಮನೆ. ಅಡುಗೆಮನೆಗೆ ಅಂಟಿಕೊಂಡ ಗೂಡಿನಂಥ ಕೋಣೆಯಲ್ಲಿ ಗ್ಯಾಸ್ ಬಾಯ್ಲರ್ ಉರಿಯುತ್ತಿತ್ತು. ಅದು ಕಾಯಿಸಿದ ನೀರು ಪೈಪುಗಳಲ್ಲಿ ಮನೆಯೆಲ್ಲ ಸುತ್ತಿ, ಕೊನೆಗೆ ಉತ್ತರದ ಹಿಂದಿನ ಕೋಣೆಯನ್ನು ಮುಟ್ಟಿ ವಾಪಸು ಬರುತ್ತಿತ್ತು. ಬಾಯ್ಲರಿನ ಗುಂಯ್ ಎನ್ನುವ ಸದ್ದು ಕೇಳುತ್ತಿದ್ದರೆ ಅವಳು ಮನುಷ್ಯರ ಹಾಗೆ ಇರುತ್ತಿದ್ದಳು. ನಿಂತರೆ, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡುತ್ತಿದ್ದಳು.

ಓರಗಿತ್ತಿ ಕುಲ್ಯಾಶ್‌ಗೆ ಇದು ದೊಡ್ಡ ತಮಾಷೆ. ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಳಾದ ಹೆಂಗಸು, ಬಾಯಿ ಕತ್ತರಿಯಂಥದ್ದು. "ಲೇ, ನೀನು ಸ್ವರ್ಗಕ್ಕೆ ಹೋದ್ರೂ ಮೊದಲು ಅಲ್ಲಿನ ಪೈಪು ಮುಟ್ಟಿ ನೋಡ್ತೀಯ. ಸುಮ್ನೆ ನರಕಕ್ಕೇ ಹೋಗು, ಅಲ್ಲಿ ಆ ಯೋಚನೆ ಇರಲ್ಲ," ಎನ್ನುತ್ತಿದ್ದಳು. ಉಲ್ಬೊಸಿನ್ ನಗುತ್ತಿದ್ದಳು, ನಗುತ್ತಲೇ ಪೈಪು ಮುಟ್ಟುತ್ತಿದ್ದಳು.

ನಗುವವರಿಗೆಲ್ಲ ಕಾರಣ ಗೊತ್ತಿರಲಿಲ್ಲ. ಗೊತ್ತಿದ್ದವರು ಬಾಯಿ ಬಿಡುತ್ತಿರಲಿಲ್ಲ. ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿದ ಮನೆಯಲ್ಲಿ ಕೊನೆಯವಳಾಗಿ ಹುಟ್ಟಿದ್ದಕ್ಕೆ, 'ಇನ್ನಾದರೂ ಗಂಡಾಗಲಿ' ಎಂಬ ಅರ್ಥದ ಹೆಸರು ಹೊತ್ತುಕೊಂಡು ಬೆಳೆದವಳು ಅವಳು. ಮದುವೆಯಾಗಿ ಗಂಡನ ಜೊತೆ ಉತ್ತರದ ಗಣಿ ಊರಿಗೆ ಹೋದಳು. ಐದಂತಸ್ತಿನ ಕಟ್ಟಡ, ಇಡೀ ಊರಿಗೆ ಒಂದೇ ದೊಡ್ಡ ಬಾಯ್ಲರ್ ಮನೆ. ಹಳೆಯ ಒಕ್ಕೂಟದ ದೇಶ ಒಡೆದ ಮೇಲಿನ ಒಂದು ಚಳಿಗಾಲದಲ್ಲಿ ಆ ಬಾಯ್ಲರ್ ಮನೆ ನಿಂತುಹೋಯಿತು. ಸಂಜೆಯೊಳಗೆ ಬರುತ್ತದೆ ಎಂದರು. ಮಾರನೆಯ ದಿನವೂ ಸಂಜೆಯೊಳಗೆ ಬರುತ್ತದೆ ಎಂದರು. ಉಲ್ಬೊಸಿನ್ ನಂಬಿದಳು. ಅಕ್ಕಪಕ್ಕದವರು ಗಂಟುಮೂಟೆ ಕಟ್ಟಿ ಹಳ್ಳಿಯ ಒಲೆಗಳನ್ನು ಹುಡುಕಿಕೊಂಡು ಹೊರಟರೂ ಇವಳು ನಂಬಿ ಕೂತಳು. ತೊದಲು ಮಾತು ಕಲಿಯುತ್ತಿದ್ದ ಅವಳ ಮಗಳು ಅಕ್ಮಾರಲ್‌ಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಲ್ಲೂ ಗೋಡೆಗಳು ಮಂಜುಗಟ್ಟಿದ್ದವು. ಮಗು ಹೋಯಿತು. ಅಂದಿನಿಂದ ಅವಳು ಪೈಪನ್ನು ನಂಬಿದರೂ ಪೈಪಿನ ಬಗ್ಗೆ ಯಾರ ಮಾತನ್ನೂ ನಂಬಲಿಲ್ಲ.

ಆಮೇಲೆ ಗಂಡ ಅವಳನ್ನು ಅಕ್ತೋಬೆಯ ಕಡೆಗೆ ಕರೆದುಕೊಂಡು ಬಂದ. ಬಹಳ ಕಾಲ ಹಂಬಲಿಸಿದ ಮೇಲೆ ಹುಟ್ಟಿದ ಮಗನಿಗೆ ಸಗಿಂದಿಕ್ ಎಂದು ಹೆಸರಿಟ್ಟರು, 'ಹಂಬಲಿಸಿದೆವು' ಎಂದೇ ಅದರ ಅರ್ಥ. ಗಂಡ ತೀರಿಕೊಂಡ. ಮಗ ದೊಡ್ಡವನಾದ, ಮೋಲ್ದಿರ್ ಎಂಬ ಚುರುಕಾದ ಹುಡುಗಿಯನ್ನು ಮದುವೆಯಾದ. ಈ ಚಳಿಗಾಲ ಅವರಿಗೊಂದು ಗಂಡುಮಗು ಹುಟ್ಟಿತು. ದಿನ ತುಂಬುವ ಮೊದಲೇ ಹುಟ್ಟಿದ, ಅಂಗೈಯಗಲದ ಮಗು. ಅಲ್ದಿಯಾರ್ ಎಂದು ಹೆಸರು. ಅಂದಿನಿಂದ ಮಗನೂ ಸೊಸೆಯೂ ಉಲ್ಬೊಸಿನ್‌ಳನ್ನು ಅಜೆ ಎಂದು, ಅಂದರೆ ಅಜ್ಜಿ ಎಂದು, ಕರೆಯತೊಡಗಿದರು.

ಮಗು ಬಂದ ಮೇಲೆ ಅವಳ ಹೆದರಿಕೆಗೆ ಲಂಗುಲಗಾಮು ಇಲ್ಲದಾಯಿತು. ಮಗುವನ್ನು ಮಲಗಿಸಿದ್ದು ಹಿಂದಿನ ಕೋಣೆಯಲ್ಲಿ, ಪೈಪಿನ ಕೊನೆಯ ತುದಿಯಲ್ಲಿ. ಅವಳು ಹೋಗುವುದು, ಪೈಪು ಮುಟ್ಟುವುದು, ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವುದು, ಬಾಯ್ಲರನ್ನು ಇನ್ನಷ್ಟು ಹೆಚ್ಚಿಸುವುದು. ಮಗುವಿಗೆ ಮೈಯೆಲ್ಲ ಬೆವರುಸಾಲೆ ಎದ್ದಿತು. ಆಗತಾನೆ ಜೋಂಪು ಹತ್ತಿದ ಸೊಸೆ ಬಾಗಿಲಿನ ಸದ್ದಿಗೆ ಬೆಚ್ಚಿ ಏಳುತ್ತಿದ್ದಳು.

ಒಂದು ದಿನ ಅಡುಗೆಮನೆಯಲ್ಲಿ ಮೋಲ್ದಿರ್ ಗಂಡನಿಗೆ ಹೇಳುತ್ತಿದ್ದುದು ಉಲ್ಬೊಸಿನ್ ಕಿವಿಗೆ ಬಿತ್ತು. "ನಿಮ್ಮಮ್ಮ ಒಳ್ಳೆಯವರು, ನಾನೇನೂ ಅನ್ನಲ್ಲ. ಆದ್ರೆ ನಲವತ್ತು ದಿನ ಕಳೀಲಿ, ನಾನು ಮಗೂನ ಎತ್ಕೊಂಡು ನಮ್ಮಮ್ಮನ ಮನೆಗೆ ಹೋಗ್ತೀನಿ. ಈ ಮನೇಲಿ ನಂಗೆ ಉಸಿರೇ ಆಡಲ್ಲ, ಕುಲುಮೇಲಿ ಇದ್ದಂಗಿದೆ."

ಬಾಯ್ಲರ್ ನಿಲ್ಲುವುದಕ್ಕಿಂತ ದೊಡ್ಡ ಹೆದರಿಕೆಯೊಂದು ಇದೆ ಎಂದು ಉಲ್ಬೊಸಿನ್‌ಗೆ ಆವತ್ತು ಗೊತ್ತಾಯಿತು.

ಸಗಿಂದಿಕ್ ಜಗಳವಾಡುವವನಲ್ಲ. ಪಟ್ಟಣದಿಂದ ಒಂದು ಬಿಳಿಯ ಪುಟ್ಟ ಡಬ್ಬಿ ತಂದ. ಅದಕ್ಕೆ ಮಿನುಗುವ ಅಂಕಿಗಳ ಮುಖ. ಥರ್ಮೋಸ್ಟಾಟ್ ಎಂದ.

"ಇದೇನು ಮಾಡುತ್ತೆ?" ಎಂದಳು ತಾಯಿ.

"ಕೋಣೆ ಎಷ್ಟು ಬೆಚ್ಚಗಿದೆ ಅಂತ ಇದು ನೋಡ್ತಾ ಇರುತ್ತೆ, ಅಜೆ. ತಣ್ಣಗಾದ್ರೆ ಬಾಯ್ಲರ್‌ಗೆ ಉರಿ ಅನ್ನುತ್ತೆ, ಸಾಕಾದ್ರೆ ನಿಲ್ಲು ಅನ್ನುತ್ತೆ. ಹಗಲೂ ರಾತ್ರಿ ಕಣ್ಣು ಮುಚ್ಚಲ್ಲ. ಇನ್ಮೇಲೆ ಹೆದರೋ ಕೆಲಸ ಇದರದ್ದು. ನೀನು ಆರಾಮಾಗಿರು."

"ನಿಲ್ಲು ಅನ್ನುತ್ತಾ?"

"ಸಾಕಾದ್ರೆ ಮಾತ್ರ."

"ಸಾಕು ಅಂತ ಅದಕ್ಕೆ ಹೇಳೋರು ಯಾರು?"

ಮಗ ಅವಳ ಎರಡೂ ಕೈ ಹಿಡಿದುಕೊಂಡು ಮಾತು ಕೊಡು ಎಂದ. ಬಾಯ್ಲರ್ ಮುಟ್ಟಕೂಡದು, ಪೈಪು ಮುಟ್ಟಕೂಡದು, ಕರೆಯದೆ ಹಿಂದಿನ ಕೋಣೆಗೆ ಹೋಗಕೂಡದು. "ಮೋಲ್ದಿರ್ ಹೋಗಿಬಿಡ್ತಾಳೆ, ಅಮ್ಮಾ," ಎಂದ. ಅಜೆ ಅನ್ನದೆ ಅಮ್ಮಾ ಅಂದ. ಉಲ್ಬೊಸಿನ್ ಮಾತು ಕೊಟ್ಟಳು.

ಡಬ್ಬಿ ಹಾಕಲು ಬಂದವನು ಜೆಂಗಿಸ್ ಎಂಬ ಗ್ಯಾಸ್ ಕೆಲಸದವನು. ಗಡದ್ದಾಗಿ ತಿನ್ನುವ, ಗಡಿಬಿಡಿಯಿಲ್ಲದ ಆಸಾಮಿ. ಮನೆಯೆಲ್ಲ ಓಡಾಡಿ ನೋಡಿ, ಅಡುಗೆಮನೆಯಿಂದ ಹಿಂದಿನ ಕೋಣೆಗೆ ಹೋಗುವ ಓಣಿಯ ಗೋಡೆಗೆ ಪೆನ್ಸಿಲಿನಿಂದ ಗುರುತು ಹಾಕಿದ. ಆ ಗುರುತಿನ ಕೆಳಗೆ ಮನೆಯವರೆಲ್ಲರ ಬೂಟುಗಳು ಸಾಲಾಗಿ ನಿಂತಿದ್ದವು.

ಉಲ್ಬೊಸಿನ್‌ಗೆ ಮೈ ಉರಿಯಿತು. "ಏನಪ್ಪಾ, ನನ್ನ ಮೊಮ್ಮಗನ ಜೀವ ಕಾಯೋ ವಸ್ತೂನ ಬೂಟುಗಳ ಮೇಲೆ ನೇತು ಹಾಕ್ತೀಯಾ? ನಿಮ್ಮಮ್ಮ ನಿಂಗೆ ಮನೆ ಅಂದ್ರೆ ಏನು ಅಂತ ಹೇಳಿಕೊಟ್ಟಿಲ್ವಾ?"

"ಅಜೆ, ಜನ ಓಡಾಡೋ ಜಾಗದಲ್ಲಿ ಹಾಕಬೇಕು ಅಂತ..."

"ಜನ ಓಡಾಡೋ ಜಾಗದಲ್ಲಿ ನಾಯಿನೂ ಓಡಾಡುತ್ತೆ. ಬಾ ಇಲ್ಲಿ."

ಅವನನ್ನು ದೊಡ್ಡ ಕೋಣೆಗೆ ಕರೆದುಕೊಂಡು ಹೋದಳು. ಅದು ಅತಿಥಿಗಳ ಕೋಣೆ. ಗೋಡೆಗೆ ಕಂಬಳಿ, ಕಪಾಟಿನಲ್ಲಿ ಹೊಳೆಯುವ ಪಿಂಗಾಣಿ. ಬಾಗಿಲಿಗೆ ಎದುರಾದ ಒಳಗೋಡೆಯೇ ತೋರ್, ಮನೆಯ ಗೌರವದ ಜಾಗ. ಹಿರಿಯರು ಬಂದರೆ ಕೂರುವುದು ಅಲ್ಲಿ, ಪವಿತ್ರ ಗ್ರಂಥವನ್ನು ಇಟ್ಟಿರುವುದು ಅಲ್ಲಿ, ಗಂಡನ ಚಿತ್ರ ತೂಗುಹಾಕಿರುವುದು ಅಲ್ಲಿ. ನೆಂಟರಿಲ್ಲದ ದಿನ ಆ ಕೋಣೆಯ ಬಾಗಿಲು ಮುಚ್ಚಿರುತ್ತದೆ, ಬಿಸಿನೀರಿನ ರೇಡಿಯೇಟರಿನ ತಿರುಪು ಬಿಗಿದಿರುತ್ತದೆ. ಕೂರದ ಕೋಣೆಯನ್ನು ಯಾರು ಕಾಯಿಸುತ್ತಾರೆ? ಊರಿನ ಎಲ್ಲರ ಮನೆಯಲ್ಲೂ ಹಾಗೆಯೇ.

"ಇಲ್ಲಿ ಹಾಕು," ಎಂದಳು, ಗಂಡನ ಚಿತ್ರದ ಪಕ್ಕ ಬೆರಳಿಟ್ಟು.

ಜೆಂಗಿಸ್ ತಲೆ ಕೆರೆದುಕೊಂಡ. "ಇದು ತಣ್ಣನೆ ಕೋಣೆ ಅಜೆ. ಇಲ್ಲಿ ಹಾಕಿದ್ರೆ ಡಬ್ಬಿ ಯಾವಾಗ್ಲೂ ಚಳಿ ಚಳಿ ಅಂತಿರುತ್ತೆ. ಬಾಯ್ಲರ್ ನಿಲ್ಲೋದೇ ಇಲ್ಲ."

ನಿಲ್ಲೋದೇ ಇಲ್ಲ! ಉಲ್ಬೊಸಿನ್‌ಗೆ ಇನ್ನೇನು ಬೇಕಿತ್ತು? ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಹಿರಿಯ ಹೆಂಗಸಿನ ಎದುರು ವಾದ ಮಾಡುವುದು ಕೆಲಸದವನಿಗೂ ತರವಲ್ಲ. ಅವನು ಗೋಡೆ ಕೊರೆದ, ತಂತಿ ಎಳೆದ, ಮಾಂಸದ ಸಾರು ಕುಡಿದ, ಬೌರ್ಸಾಕ್ ಎಂಬ ಕರಿದ ಹಿಟ್ಟಿನ ಉಂಡೆಗಳನ್ನು ಜೇಬಿಗೆ ತುಂಬಿಕೊಂಡು ಹೊರಟುಹೋದ. ಸಗಿಂದಿಕ್ ಕೆಲಸದಿಂದ ಬಂದು ನೋಡಿ, ಇರಲಿ, ಒಪ್ಪಿದಳಲ್ಲ ಅಷ್ಟೇ ಸಾಕು ಎಂದುಕೊಂಡ.

ಮುಂದಿನ ದಿನಗಳಲ್ಲಿ ಬಾಯ್ಲರ್ ನಿಜವಾಗಿಯೂ ನಿಲ್ಲಲಿಲ್ಲ. ಮುಚ್ಚಿದ ಕೋಣೆಯಲ್ಲಿ ಕೂತ ಡಬ್ಬಿ ಚಳಿ ಚಳಿ ಎನ್ನುತ್ತಲೇ ಇತ್ತು, ಬಾಯ್ಲರ್ ಗುಂಯ್ ಎನ್ನುತ್ತಲೇ ಇತ್ತು. ಉಲ್ಬೊಸಿನ್ ಆ ಸದ್ದು ಕೇಳಿಕೊಂಡು ಕೈಯನ್ನು ಮಡಿಲಲ್ಲಿ ಕಟ್ಟಿ ಕೂತಳು. ಹಿಂದಿನ ಕೋಣೆಗೆ ಹೋಗಲಿಲ್ಲ. ಮೋಲ್ದಿರ್ ಮೊದಲ ಬಾರಿ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಆದರೆ ಅವಳ ಕೋಣೆ ಮೊದಲಿನಂತೆಯೇ ಬೇಯುತ್ತಿತ್ತು. ಡಬ್ಬಿಗೂ ಅತ್ತೆಯ ಬುದ್ಧಿಯೇ ಬಂದಿದೆ ಎಂದು ನಕ್ಕು, ಕಿಟಕಿಯ ಮೇಲಿನ ಗಾಳಿಕಿಂಡಿಯನ್ನು ಯಾವಾಗಲೂ ಸ್ವಲ್ಪ ತೆರೆದಿಡತೊಡಗಿದಳು. ತೊಟ್ಟಿಲಿನ ಮೇಲೆ ಹೊದಿಸುವ ಪದರ ಪದರ ಬಟ್ಟೆಗಳಲ್ಲಿ ತೆಳ್ಳಗಿನ ಒಂದನ್ನು ಮಾತ್ರ ಉಳಿಸಿಕೊಂಡಳು. ಬೆವರುಸಾಲೆ ಇಳಿಯಿತು. ತವರಿಗೆ ಹೋಗುವ ಮಾತೂ ನಿಂತಿತು.

ಮಗುವಿಗೆ ನಲವತ್ತು ದಿನ ತುಂಬಿದಂದು ಹೊರಗೆ ಹಿಮಗಾಳಿ ಎದ್ದಿತ್ತು. ನೆರೆಮನೆಯ ಬೇಲಿ ಕಾಣದಷ್ಟು ಗಾಳಿ. ಆದರೂ ನೆಂಟರು ಬಂದರು, ಹುಬ್ಬಿನ ಮೇಲೆ ಹಿಮ ಹೊತ್ತುಕೊಂಡು, ಬಾಗಿಲಲ್ಲಿ ಕಾಲು ಕೊಡವುತ್ತಾ. ಉಲ್ಬೊಸಿನ್ ಬೆಳಿಗ್ಗೆಯೇ ದೊಡ್ಡ ಕೋಣೆಯ ಬಾಗಿಲು ತೆರೆದು ರೇಡಿಯೇಟರಿನ ತಿರುಪನ್ನು ಪೂರ್ತಿ ಸಡಿಲಿಸಿದ್ದಳು. ಅತಿಥಿಗಳಿಗೆ ಚಳಿಯಾದರೆ ಮನೆಯ ಮಾನ ಏನಾದೀತು?

ಮೊದಲು ಅಡುಗೆಮನೆಯಲ್ಲಿ ಸ್ನಾನ. ಹೆಂಗಸರೆಲ್ಲ ಸರದಿಯಲ್ಲಿ ಮಗುವಿನ ಮೇಲೆ ಚಮಚದಲ್ಲಿ ನೀರು ಹಾಕಿ ಹರಸಿದರು, ನಲವತ್ತು ಚಮಚ. ಕುಲ್ಯಾಶ್ ಹುಟ್ಟುಗೂದಲು ತೆಗೆದಳು, ಉಗುರು ಕತ್ತರಿಸಿದಳು. ಮಗು ಇಷ್ಟು ದಿನ ತೊಟ್ಟ ಪುಟ್ಟ ಅಂಗಿಯಲ್ಲಿ ಮಿಠಾಯಿ ಗಂಟು ಕಟ್ಟಿ ನಾಯಿಯ ಕೊರಳಿಗೆ ಕಟ್ಟಿದರು. ಮಕ್ಕಳೆಲ್ಲ ಆ ಹಿಮಗಾಳಿಯಲ್ಲೂ ನಾಯಿಯ ಹಿಂದೆ ಅಂಗಳವೆಲ್ಲ ಓಡಿ, ಮಿಠಾಯಿ ಕಿತ್ತುಕೊಂಡು, ಮೂಗು ಕೆಂಪಗೆ ಮಾಡಿಕೊಂಡು ಬಂದರು. ಮೋಲ್ದಿರ್ ಮಗುವಿಗೆ ಹಾಲು ಕೊಟ್ಟು, ಅಲುಗಾಡದಂತೆ ತೊಟ್ಟಿಲಿನ ಪಟ್ಟಿಗಳಿಂದ ಕಟ್ಟಿ, ಹಿಂದಿನ ಕೋಣೆಯಲ್ಲಿ ಮಲಗಿಸಿ ಬಾಗಿಲೆಳೆದುಕೊಂಡು ಬಂದಳು. ಗದ್ದಲ ತಾಗದಿರಲಿ, ದೃಷ್ಟಿ ತಾಗದಿರಲಿ ಎಂದು.

ಆಮೇಲೆ ಅವಳು ಚಹಾಕ್ಕೆ ನೀರು ಕಾಯಿಸುವ ಸಮೋವರಿನ ಮುಂದೆ ಕೂತಳು. ಕೂತಳು ಎಂದರೆ ಮುಗಿಯಿತು. ಮನೆತುಂಬ ಹಿರಿಯರಿರುವಾಗ ಸೊಸೆ ಸಮೋವರ್ ಬಿಟ್ಟು ಏಳುವಂತಿಲ್ಲ. ಬಟ್ಟಲು ಬರುತ್ತದೆ, ಹಾಲು ಹಾಕಬೇಕು, ಕಪ್ಪು ಚಹಾ ಹಾಕಬೇಕು, ಬಿಸಿನೀರು ಹಾಕಬೇಕು, ಯಾರದು ಗಟ್ಟಿ, ಯಾರದು ತೆಳು ಎಂದು ನೆನಪಿಡಬೇಕು, ಅಷ್ಟರಲ್ಲಿ ಇನ್ನೊಂದು ಬಟ್ಟಲು.

ದೊಡ್ಡ ಕೋಣೆ ತುಂಬಿ ತುಳುಕುತ್ತಿತ್ತು. ಭುಜಕ್ಕೆ ಭುಜ ತಾಗಿಸಿ ಜನ. ನಡುವೆ ಹಬೆಯಾಡುವ ಕುದುರೆಮಾಂಸದ ದೊಡ್ಡ ತಟ್ಟೆಗಳು, ಕೆಂಡದ ಸಮೋವರ್. ಹೆಂಗಸರು ಸ್ವೆಟರ್ ಬಿಚ್ಚಿದರು. ಕುಲ್ಯಾಶ್ ತಲೆವಸ್ತ್ರದ ತುದಿಯಿಂದ ಗಾಳಿ ಬೀಸಿಕೊಂಡು, "ಏನೇ ಇದು ಉಲ್ಬೊಸಿನ್, ನಮ್ಮನ್ನೂ ಕುದುರೆ ಜೊತೆಗೇ ಬೇಯಿಸ್ತಿದ್ದೀಯಾ?" ಎಂದಳು.

ಎಲ್ಲರೂ ನಕ್ಕರು. ಸಗಿಂದಿಕ್ ಹೆಮ್ಮೆಯಿಂದ ಗೋಡೆಯ ಡಬ್ಬಿ ತೋರಿಸಿದ. "ನೋಡ್ತಾ ಇರಿ, ಸೆಕೆ ಹೆಚ್ಚಾದ್ರೆ ತಾನೇ ನಿಲ್ಲಿಸುತ್ತೆ."

ಆ ಮಾತು ಉಲ್ಬೊಸಿನ್ ಎದೆಗೆ ಚುಚ್ಚಿತು. ಕಿವಿಗೊಟ್ಟು ಕೇಳಿದಳು. ಮಾತು, ನಗು, ಬಟ್ಟಲುಗಳ ಸದ್ದು, ಮೂಲೆಯಲ್ಲಿ ಯಾರೋ ದೊಂಬ್ರಾ ಮೀಟುತ್ತಿದ್ದರು. ಅದೆಲ್ಲದರ ಅಡಿಯಲ್ಲಿ ಗುಂಯ್ ಎಂಬ ಸದ್ದು ಇದೆಯೋ ಇಲ್ಲವೋ ತಿಳಿಯಲಿಲ್ಲ. ಇದೆ ಅನ್ನಿಸಿತು. ಇಲ್ಲ ಅನ್ನಿಸಿತು. ಬಲಗೈ ಗೋಡೆಯ ಕಡೆಗೆ ಹೊರಟಿತು. ಮಗನ ಕಣ್ಣು ಆ ಕೈಯ ಮೇಲೆ ಬಿತ್ತು. ಅವಳು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಇದು ನನ್ನ ಹಳೇ ರೋಗ ಎಂದು ತನಗೆ ತಾನೇ ಹೇಳಿಕೊಂಡಳು. ಬೆವರು ಸುರಿಯುವ ಕೋಣೆಯಲ್ಲಿ ಕೂತು ಚಳಿಗೆ ಹೆದರುವವಳು ನಾನೊಬ್ಬಳೇ. ಎದ್ದು ಹೋದರೆ ಸೊಸೆ ನೋಡುತ್ತಾಳೆ. ನಾಳೆ ಗಂಟುಮೂಟೆ ಕಟ್ಟುತ್ತಾಳೆ. ಮಗುವನ್ನು ಸೊಸೆ ನೋಡಿ ಬಂದಿರುತ್ತಾಳೆ. ಸೊಸೆ ಇಲ್ಲದಿದ್ದರೆ ಮಗ. ಇಲ್ಲದಿದ್ದರೆ ಕುಲ್ಯಾಶ್, ಮೂರು ಸಲ ಎದ್ದು ಹೋಗಿ ಬಂದಳಲ್ಲ. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಅಂದು ಆ ಮನೆಯಲ್ಲಿ ಹತ್ತಲ್ಲ, ಅದರ ಮೂರರಷ್ಟು ಜನ ಸೇರಿದ್ದರು.

ಹೊರಗೆ ಬೆಳಕು ಮಾಸತೊಡಗಿತು. ಊಟ ಮುಗಿಯಿತು. ಗೌರವದ ಜಾಗದಲ್ಲಿ ಕೂತಿದ್ದ ಹಿರಿಯ ಕಾಯಿರ್ಗಾಲಿ ಗಂಟಲು ಸರಿಮಾಡಿಕೊಂಡು ಎರಡೂ ಅಂಗೈ ಬಿಚ್ಚಿದ. ಎಲ್ಲರೂ ಅಂಗೈ ಬಿಚ್ಚಿದರು. ಮಗುವಿಗಾಗಿ ಹಾರೈಕೆಯ ಪ್ರಾರ್ಥನೆ ಶುರುವಾಯಿತು. ಅದು ಮುಗಿದು ಎಲ್ಲರೂ ಮುಖ ಸವರಿಕೊಳ್ಳುವ ತನಕ ಯಾರೂ ಏಳುವಂತಿಲ್ಲ, ಮಾತಾಡುವಂತಿಲ್ಲ. ಎದ್ದರೆ ಹಾರೈಕೆ ಮುರಿದಂತೆ.

ಹಿರಿಯನ ದನಿಯೊಂದೇ ಉಳಿದಾಗ ಉಲ್ಬೊಸಿನ್‌ಗೆ ಎರಡು ಸಂಗತಿ ಒಟ್ಟಿಗೆ ತಿಳಿದವು. ಒಂದು, ಬಾಯ್ಲರಿನ ಸದ್ದು ಇಲ್ಲವೇ ಇಲ್ಲ. ಇನ್ನೊಂದು, ಸಮೋವರಿನ ಮುಂದೆ ತಲೆ ತಗ್ಗಿಸಿ ಕೂತ ಮೋಲ್ದಿರ್‌ಳ ಉಡುಪಿನ ಎದೆ ಒದ್ದೆಯಾಗಿದೆ. ಹಾಲು ಇಳಿದಿದೆ. ಮಗುವಿಗೆ ಹಸಿವಾಗುವ ಹೊತ್ತು ಮೀರಿದೆ. ಮಗು ಅತ್ತಿಲ್ಲ.

ಹಸಿದ ಮಗು ಯಾಕೆ ಅಳುವುದಿಲ್ಲ?

ಅವಳು ಎದ್ದಳು. ಹಿರಿಯನ ಮಾತು ನಡುವಲ್ಲೇ ನಿಂತಿತು. ಬಿಚ್ಚಿದ ಅಂಗೈಗಳ ನಡುವೆ, ಯಾರದೋ ಮೊಣಕಾಲು ದಾಟಿ, ಯಾರದೋ ಬಟ್ಟಲು ಒದ್ದು ಹೊರಟಳು. "ಅಮ್ಮಾ!" ಎಂದು ಸಗಿಂದಿಕ್ ಹಲ್ಲುಕಚ್ಚಿ ಪಿಸುಗುಟ್ಟಿದ. ಅವಳು ತಿರುಗಿ ನೋಡಲಿಲ್ಲ.

ಓಣಿಗೆ ಬಂದೊಡನೆ ಚಳಿ ಮುಖಕ್ಕೆ ಹೊಡೆಯಿತು. ಪೈಪಿನ ಮೇಲೆ ಕೈಯಿಟ್ಟಳು. ತಣ್ಣಗೆ. ಅದು ಅವಳಿಗೆ ಗೊತ್ತಿದ್ದ ಥಂಡಿ. ಗಣಿ ಊರಿನ ಥಂಡಿ. ಗೋಡೆ ಹಿಡಿದುಕೊಂಡು ನಡೆದಳು. ಹಿಂದಿನ ಕೋಣೆಯ ಬಾಗಿಲು ಗಾಳಿಯ ಒತ್ತಡಕ್ಕೆ ಬಿಗಿದುಕೊಂಡಿತ್ತು, ಭುಜ ಕೊಟ್ಟು ನೂಕಿದಳು.

ಗಾಳಿಕಿಂಡಿ ಪೂರ್ತಿ ತೆರೆದುಕೊಂಡಿತ್ತು. ಸ್ವಲ್ಪ ತೆರೆದಿಟ್ಟದ್ದನ್ನು ಬಿರುಗಾಳಿ ಬಡಿದು ಅಗಲ ಮಾಡಿತ್ತು. ಕಿಟಕಿಯ ದಂಡೆಯ ಮೇಲೆ ಹಿಮ ಕೂತಿತ್ತು, ಕರಗದೆ. ತೊಟ್ಟಿಲಿನ ತೆಳ್ಳನೆ ಹೊದಿಕೆ ಒಂದು ಬದಿಗೆ ಹಾರಿಹೋಗಿತ್ತು.

ಮಗು ಕಣ್ಣು ಅರೆ ತೆರೆದು ಸುಮ್ಮನೆ ಮಲಗಿತ್ತು. ಬೋಳುತಲೆ ಮಂಜಿನ ಹಾಗಿತ್ತು. ತುಟಿ ಕಪ್ಪಿಟ್ಟಿತ್ತು. ಮೂಗಿನ ಕೆಳಗೆ ಬೆರಳಿಟ್ಟಳು. ಬೆರಳಿಗೆ ಏನೂ ತಿಳಿಯಲಿಲ್ಲ. ಪಟ್ಟಿಯ ಗಂಟುಗಳು ಬಿಚ್ಚಿಕೊಳ್ಳಲಿಲ್ಲ. "ಬೇಡಪ್ಪಾ ದೇವರೇ, ಬೇಡ, ಇನ್ನೊಂದು ಸಲ ಬೇಡ," ಎನ್ನುತ್ತಾ ಹಲ್ಲಿನಿಂದ ಎಳೆದಳು. ಒದ್ದೆ ಬಟ್ಟೆ ಕಿತ್ತೊಗೆದು, ಮಗುವನ್ನು ಬತ್ತಲೆಯಾಗಿ ತನ್ನ ಉಡುಪಿನೊಳಗೆ, ಬರಿಮೈಗೆ ಒತ್ತಿಕೊಂಡಳು. ಮೈಗೆ ಮಂಜುಗಡ್ಡೆ ತಾಗಿದಂತಾಯಿತು. ಹಾಗೆಯೇ ಓಣಿಯಲ್ಲಿ ವಾಪಸು ಓಡಿದಳು.

ದೊಡ್ಡ ಕೋಣೆಯ ಬಾಗಿಲಲ್ಲಿ ಅವಳು ನಿಂತಾಗ ಜನ ಇನ್ನೂ ಅಂಗೈ ಬಿಚ್ಚಿಕೊಂಡೇ ಕೂತಿದ್ದರು. ಅವಳ ಮುಖ ನೋಡಿ ಕುಲ್ಯಾಶ್ ಮೊದಲು ಎದ್ದಳು. ಆ ಕತ್ತರಿ ಬಾಯಿಯಲ್ಲಿ ಒಂದೂ ತಮಾಷೆ ಇರಲಿಲ್ಲ.

"ಕೊಡಬೇಡ, ನಿನ್ನ ಮೈಗೇ ಇಟ್ಕೋ. ಉಜ್ಜಬೇಡ. ಸಮೋವರ್ ಹತ್ರ ಹೋಗಬೇಡ. ಇಲ್ಲಿ ಕೂತ್ಕೋ. ಯಾರಾದ್ರೂ ಟೋಪಿ ಕೊಡ್ರೋ! ತೋಳದ ತುಪ್ಪಳದ್ದು, ಹೂಂ, ಅದೇ. ಕೋಟು ಕೊಡಿ. ಆಂಬುಲೆನ್ಸ್‌ಗೆ ಫೋನ್ ಮಾಡಿ."

ಗೌರವದ ಜಾಗದಿಂದ ಕಾಯಿರ್ಗಾಲಿ ಸರಿದ. ಉಲ್ಬೊಸಿನ್‌ಳನ್ನು ಅಲ್ಲಿ ಕೂರಿಸಿ, ಮೇಲೆ ಕೋಟಿನ ಮೇಲೆ ಕೋಟು ಹೊದಿಸಿದರು. ಮೋಲ್ದಿರ್ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಅತ್ತೆಯ ಮೊಣಕಾಲಿನ ಬಳಿ ಕುಸಿದಿದ್ದಳು. ಸಗಿಂದಿಕ್ ಬಾಯ್ಲರ್ ಕಡೆ ಓಡಿದ, ವಾಪಸು ಓಡಿ ಬಂದ, ಗೋಡೆಯ ಡಬ್ಬಿಯ ಮುಂದೆ ನಿಂತ.

"ಕೆಟ್ಟಿಲ್ಲ," ಎಂದ. ಅವನ ದನಿ ಒಡೆದಿತ್ತು. "ಕೆಟ್ಟೇ ಇಲ್ಲ. ಈ ಕೋಣೆ ಬೆಚ್ಚಗಿದೆ ಅಂತ ನಿಲ್ಲಿಸಿದೆ. ಇದಕ್ಕೆ ಈ ಕೋಣೆ ಒಂದೇ ಗೊತ್ತು."

ಅವನು ಅಂಕಿ ಹೆಚ್ಚಿಸಿದ. ದೂರದಲ್ಲಿ ಬಾಯ್ಲರ್ ಗುಂಯ್ ಎಂದಿತು. ಆ ಸದ್ದು ಕೇಳಿ ಉಲ್ಬೊಸಿನ್‌ಗೆ ಮೊಟ್ಟಮೊದಲ ಬಾರಿ ಸಮಾಧಾನವಾಗಲಿಲ್ಲ. ಇಲ್ಲಿ ಹಾಕು ಎಂದು ಬೆರಳಿಟ್ಟು ತೋರಿಸಿದವಳು ತಾನು. ನೆಂಟರ ಬೆವರು ನೋಡಿ ಡಬ್ಬಿ ಸಾಕು ಎಂದಿತು. ಸಾಕು ಅಂತ ಅದಕ್ಕೆ ಹೇಳೋರು ಯಾರು ಎಂದು ಕೇಳಿದ್ದಳಲ್ಲ, ಹೇಳಿದವಳು ತಾನೇ.

ಕಾದರು. ಮೂವತ್ತು ಜನರ ಕೋಣೆಯಲ್ಲಿ ಸಮೋವರ್ ಸಿರ್ ಎನ್ನುವುದು ಬಿಟ್ಟರೆ ಸದ್ದಿಲ್ಲ. ಆಂಬುಲೆನ್ಸ್ ಹೊರಟಿದೆ, ದಾರಿಯಲ್ಲಿ ಹಿಮ ಕಟ್ಟಿದೆ ಎಂದರು. ಬರುತ್ತದೆ ಎಂದರು. ಉಲ್ಬೊಸಿನ್ ಆ ಮಾತನ್ನು ಹಿಂದೆಯೂ ಕೇಳಿದ್ದಳು. ಅವಳು ಕಣ್ಣು ಮುಚ್ಚಿ ತನ್ನ ಮೈಯನ್ನೇ ಬೇಡಿಕೊಂಡಳು, ಕಾಯು, ಕಾಯು, ಮುದಿ ಮೈಯೇ, ಇಷ್ಟು ವರ್ಷ ಹೆದರಿ ಕೂಡಿಟ್ಟ ಬಿಸಿಯೆಲ್ಲ ಈಗ ಕೊಡು. ಎದೆಯ ಮೇಲಿನ ಆ ಪುಟ್ಟ ಭಾರ ಅಲುಗಲಿಲ್ಲ. ಅಕ್ಮಾರಲ್ ಕೊನೆಗೆ ಹೀಗೆಯೇ ಭಾರವಾಗಿದ್ದಳು.

ಬಹಳ ಹೊತ್ತಿನ ಮೇಲೆ ಅವಳಿಗೆ ಚರ್ಮದ ಮೇಲೆ ಏನೋ ಹರಿದಾಡಿದಂತಾಯಿತು. ಪುಟ್ಟ ಬಾಯಿಯೊಂದು ಅವಳ ಬತ್ತಿದ ಎದೆಯನ್ನು ಹುಡುಕುತ್ತಿತ್ತು. ಅವಳು ಉಸಿರು ಬಿಗಿಹಿಡಿದಳು. ಹುಡುಕಿತು, ಸಿಗಲಿಲ್ಲ, ಮತ್ತೆ ಹುಡುಕಿತು. ಆಮೇಲೆ ಮಗುವಿಗೆ ಸಿಟ್ಟು ಬಂತು. ಬೆಕ್ಕಿನಮರಿಯ ಹಾಗೆ ಒಂದು ಸಣ್ಣ ಅಳು, ನಿಂತು, ಇನ್ನೊಂದು, ಅದಕ್ಕಿಂತ ದೊಡ್ಡದು.

"ಅಳ್ಲಿ, ಅಳ್ಲಿ ಬಿಡಿ, ಅಯ್ಯೋ ನನ್ನ ಸಿಂಹವೇ, ಕಿರುಚು!" ಎಂದು ಕುಲ್ಯಾಶ್ ತಾನೇ ಅತ್ತುಬಿಟ್ಟಳು. ಮೋಲ್ದಿರ್ ಮಗುವನ್ನು ಕೋಟಿನ ಗುಡಾರದೊಳಗೇ ತೆಗೆದುಕೊಂಡು, ಹಿರಿಯರು ಕಿರಿಯರು ಎನ್ನದೆ, ಅಲ್ಲೇ ಹಾಲಿಗೆ ಹಾಕಿದಳು. ಗಂಡಸರು ಮುಖ ಆಚೆ ತಿರುಗಿಸಿದರು. ಕಾಯಿರ್ಗಾಲಿ ಅರ್ಧಕ್ಕೆ ನಿಂತ ಹಾರೈಕೆಯನ್ನು ಮುಗಿಸಲಿಲ್ಲ. ಮುಖ ಸವರಿಕೊಂಡು "ಆಮೀನ್" ಎಂದಷ್ಟೇ ಹೇಳಿದ.

ಆಂಬುಲೆನ್ಸ್ ಬಂದು ತಾಯಿ ಮಗು ಇಬ್ಬರನ್ನೂ ಒಯ್ದಿತು, ಮಾರನೆಯ ದಿನ ಮಧ್ಯಾಹ್ನ ಆಸ್ಪತ್ರೆಯವರು ವಾಪಸು ಕಳಿಸಿದರು. ಶ್ವಾಸ ಸರಿಯಿದೆ, ಹಾಲು ಕುಡಿಯುತ್ತಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರಂತೆ. ಗಾಳಿ ನಿಂತಿತ್ತು. ಜೆಂಗಿಸ್ ಬಂದು ಯಾರ ಮುಖವನ್ನೂ ನೋಡದೆ ಡಬ್ಬಿಯನ್ನು ಕಿತ್ತು ತಾನು ಮೊದಲು ಗುರುತು ಹಾಕಿದ ಕಡೆಗೆ ಹಾಕಿದ. ಉಲ್ಬೊಸಿನ್ ಅವನಿಗೂ ಚಹಾ ಕೊಟ್ಟಳು.

ಹಿಂದಿನ ಕೋಣೆಯ ಬಾಗಿಲಲ್ಲಿ ಅವಳು ನಿಂತಳು. ಒಳಗೆ ಹೋಗಲು ಧೈರ್ಯವಾಗಲಿಲ್ಲ. ಮೋಲ್ದಿರ್ ಹಾಸಿಗೆಯ ಮೇಲೆ ಕೂತು ಹಾಲೂಡಿಸುತ್ತಿದ್ದಳು.

"ಒಳಗೆ ಬನ್ನಿ, ಅಜೆ."

"ಮಗಳೇ, ತಪ್ಪು ನಂದು. ಆ ಗೋಡೆ ತೋರಿಸಿದ್ದು ನಾನು. ನೀನು ತವರಿಗೆ ಹೋಗ್ತೀನಿ ಅಂದ್ರೆ ನಾನು ತಡೆಯಲ್ಲ. ನಾನೇ ಗಂಟು ಕಟ್ಟಿಕೊಡ್ತೀನಿ."

ಮೋಲ್ದಿರ್ ತಲೆಯೆತ್ತಲಿಲ್ಲ. ಅವಳ ಕಣ್ಣಿನಿಂದ ನೀರು ಮಗುವಿನ ಟೋಪಿಯ ಮೇಲೆ ಬೀಳುತ್ತಿತ್ತು. "ಕಿಂಡಿ ತೆಗೆದಿಟ್ಟಿದ್ದು ನಾನು. ಹಾಲು ಇಳಿದಿದ್ದು ನಂಗೆ ಗೊತ್ತಾಯ್ತು, ಅಜೆ. ಎದೆ ಬಿಗೀತಿತ್ತು. ಆದ್ರೂ ಕೂತೇ ಇದ್ದೆ. ಯಾಕೆ ಗೊತ್ತಾ? ನೀವು ನೋಡಿರ್ತೀರಿ ಅನ್ಕೊಂಡೆ. ಮಾತು ಕೊಟ್ಟಿದ್ರೂ ನೀವು ಸುಮ್ನಿರಲ್ಲ, ಕದ್ದಾದ್ರೂ ಹತ್ತು ಸಲ ಹೋಗಿ ಬಂದಿರ್ತೀರಿ ಅನ್ಕೊಂಡೆ. ಹುಟ್ಟಿದ ದಿನದಿಂದ ನಾನು ಹಾಗೇ ನಿದ್ದೆ ಮಾಡಿದ್ದು. ಬೈಕೊಂಡೇ ಮಾಡಿದ್ದು, ಆದ್ರೂ ನೀವು ಹೆದರ್ತಾ ಇದ್ದೀರಲ್ಲ ಅನ್ನೋ ಧೈರ್ಯದ ಮೇಲೆ ಮಾಡಿದ್ದು."

ಉಲ್ಬೊಸಿನ್ ಹಾಸಿಗೆಯ ಅಂಚಿನಲ್ಲಿ ಕೂತಳು. ತನ್ನ ಹೆದರಿಕೆಯಿಂದ ಯಾರಿಗಾದರೂ ಉಪಯೋಗವಾಗಿತ್ತು ಎಂದು ಯಾರೂ ಅವಳಿಗೆ ಇದುವರೆಗೆ ಹೇಳಿರಲಿಲ್ಲ. ಸಂತೋಷವಾಗಬೇಕಿತ್ತು. ಅದರ ಬದಲು ಇದುವರೆಗೆ ಕಾಣದ ಬೇರೆಯೇ ಒಂದು ಹೆದರಿಕೆ ಬಂತು. ಅವಳಿಗೆ ವಯಸ್ಸಾಗಿತ್ತು.

"ಹಾಗಾದ್ರೆ ನಾನು ಹೋದ ಮೇಲೆ," ಎಂದಳು ಮೆಲ್ಲಗೆ, "ಈ ಮಗೂಗೋಸ್ಕರ ಯಾರೇ ಹೆದರ್ತಾರೆ?"

ಮೋಲ್ದಿರ್ ಮಗುವನ್ನು ಇನ್ನೊಂದು ಎದೆಗೆ ಹಾಕಿಕೊಂಡಳು.